ಹೈಡ್ರಾ: ಕೋಣೆ ಕಾಯ್ದಿರಿಸುವ ಮುನ್ನ ಮೆಟ್ಟಿಲು ಕೇಳಿ

ಪ್ರಶ್ನೆ: ಕಾರು, ಬೈಕುಗಳಿಲ್ಲದ ಗ್ರೀಸ್‌ನ ಹೈಡ್ರಾ ದ್ವೀಪಕ್ಕೆ ಸೆಪ್ಟೆಂಬರ್‌ನಲ್ಲಿ ಹೋಗುವ ಯೋಚನೆಯಿದೆ. ಅಥೆನ್ಸ್‌ನಲ್ಲಿ ಇಳಿದ ಮೇಲೆ ದಾರಿ ಹೇಗೆ? (ಮೈಸೂರು)

ಉತ್ತರ: ಪಿರೇಯಸ್ ಬಂದರಿಗೆ ಹೋಗಿ. ಮೆಟ್ರೋದ 3ನೇ ಮಾರ್ಗ 2022ರಿಂದ ವಿಮಾನ ನಿಲ್ದಾಣವನ್ನೂ ಪಿರೇಯಸ್ಸನ್ನೂ ನೇರವಾಗಿ ಜೋಡಿಸಿದೆ. ಸುಮಾರು ಒಂದು ಗಂಟೆ ಹಿಡಿಯುತ್ತದೆ. ಅಪರಾತ್ರಿ ಇಳಿದವರಿಗೆ ಎಕ್ಸ್96 ಬಸ್ಸು ಇದೆ. ಅಲ್ಲಿಂದ ಹೈಡ್ರಾಕ್ಕೆ ಹೋಗುವುದು ಪ್ರಯಾಣಿಕರ ವೇಗದ ಹಡಗು ಮಾತ್ರ. ಒಂದೂವರೆಯಿಂದ ಎರಡು ಗಂಟೆ. ಸಾಮಾನ್ಯವಾಗಿ ಇ8 ಗೇಟಿನ ಆಸುಪಾಸಿನಿಂದ ಹೊರಡುತ್ತದೆ, ಆದರೂ ಟಿಕೆಟ್ಟಿನಲ್ಲಿರುವ ಗೇಟನ್ನೇ ನಂಬಿ. ಹಲವು ಹಡಗುಗಳು ಮೊದಲು ಪೋರೋಸ್ ದ್ವೀಪದಲ್ಲಿ ನಿಂತು, ಹೈಡ್ರಾ ದಾಟಿ ಸ್ಪೆಟ್ಸೆಸ್ ದ್ವೀಪದ ಕಡೆಗೆ ಸಾಗುತ್ತವೆ. ನಿಲ್ಲುವುದು ಕೆಲವೇ ನಿಮಿಷ. ಪೋರೋಸ್ ಬಿಟ್ಟ ಮೇಲೆ ಪೆಟ್ಟಿಗೆ ಎಲ್ಲಿದೆ ನೋಡಿಕೊಂಡು ಬಾಗಿಲ ಹತ್ತಿರ ಬನ್ನಿ.

ವಾಪಸ್ ಬರುವಾಗ ವಿಮಾನದ ದಿನವೇ ದ್ವೀಪ ಬಿಡಬೇಡಿ. ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ ಗಾಳಿ 8 ಮುಟ್ಟಿದರೆ ಬಂದರು ಅಧಿಕಾರಿಗಳು ಹಡಗುಗಳನ್ನು ತಡೆಯುತ್ತಾರೆ, ಹಗುರವಾದ ವೇಗದ ಹಡಗುಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ನೌಕರರ ಮುಷ್ಕರವೂ ಅಪರೂಪವಲ್ಲ. ಕೊನೆಯ ರಾತ್ರಿ ಅಥೆನ್ಸ್‌ನಲ್ಲಿರಲಿ.

ಪ್ರಶ್ನೆ: ಅಮ್ಮನಿಗೆ 68 ವರ್ಷ, ಮಂಡಿನೋವಿದೆ. ವಾಹನವಿಲ್ಲದ ಊರಲ್ಲಿ ಓಡಾಟ, ಸಾಮಾನು ಸಾಗಣೆ ಕಷ್ಟವಾಗುವುದಿಲ್ಲವೇ? (ಶಿವಮೊಗ್ಗ)

ಉತ್ತರ: ಎಲ್ಲವೂ ನೀವು ಆರಿಸುವ ಕೋಣೆಯ ಮೇಲಿದೆ. ಊರು ಬಂದರಿನ ಸುತ್ತ ಗುಡ್ಡದ ಮೇಲೆ ಹತ್ತಿಕೊಂಡಿದೆ. ದಂಡೆಯಷ್ಟೇ ಸಮತಟ್ಟು, ಅಲ್ಲಿಂದ ಹಿಂದಕ್ಕೆ ಸರಿದಂತೆ ಮೆಟ್ಟಿಲುಗಳು. ಸಮುದ್ರ ಚೆನ್ನಾಗಿ ಕಾಣುತ್ತದೆಂದು ಮೇಲಿನ ಮನೆ ಹಿಡಿದರೆ ಪ್ರತಿ ಊಟಕ್ಕೂ ನೂರಾರು ಮೆಟ್ಟಿಲು ಇಳಿದು ಹತ್ತಬೇಕಾದೀತು, ಮಂಡಿಗೆ ಇಳಿಯುವುದೇ ಹೆಚ್ಚು ತ್ರಾಸ. ‘ಬಂದರಿನಿಂದ ಐದು ನಿಮಿಷ’ ಎಂಬ ವಿವರಣೆಗೆ ಬೆಲೆ ಕೊಡಬೇಡಿ. ಮಾಲೀಕರಿಗೆ ಎರಡು ಪ್ರಶ್ನೆ ಬರೆದು ಕೇಳಿ: ಹಡಗುಕಟ್ಟೆಯಿಂದ ಬಾಗಿಲವರೆಗೆ ಎಷ್ಟು ಮೆಟ್ಟಿಲು? ಒಳಗೆ ಮಲಗುವ ಕೋಣೆ ಯಾವ ಅಂತಸ್ತಿನಲ್ಲಿ? ಹಳೆಯ ಕಲ್ಲಿನ ಮನೆಗಳಲ್ಲಿ ಒಳಮೆಟ್ಟಿಲೂ ಕಡಿದಾಗಿರುತ್ತವೆ.

ಸಾಮಾನಿಗೆ ಹಡಗುಕಟ್ಟೆಯ ಬಳಿ ಹೇಸರಗತ್ತೆಗಳು ನಿಂತಿರುತ್ತವೆ. ಮನೆಯ ಹೆಸರು ಹೇಳಿ, ಹೇರುವ ಮೊದಲೇ ದರ ಮಾತಾಡಿಕೊಳ್ಳಿ. ಗ್ರೀಸ್ 2018ರಲ್ಲಿ ತಂದ ನಿಯಮದಂತೆ ಹೊರೆ 100 ಕೆ.ಜಿ.ಯನ್ನಾಗಲಿ ಪ್ರಾಣಿಯ ತೂಕದ ಐದನೇ ಒಂದು ಭಾಗವನ್ನಾಗಲಿ ಮೀರಬಾರದು. 250 ಕೆ.ಜಿ. ತೂಗುವ ಪ್ರಾಣಿಗೆ ಅದು 50 ಕೆ.ಜಿ., ಅಂದರೆ 23 ಕೆ.ಜಿ.ಯ ಎರಡು ಪೆಟ್ಟಿಗೆ. ಮೂರನೆಯದನ್ನು ಹೇರಲು ದಯವಿಟ್ಟು ಒತ್ತಾಯಿಸಬೇಡಿ. ಚಕ್ರದ ಪೆಟ್ಟಿಗೆ ಕಲ್ಲುಹಾಸಿನಲ್ಲಿ ಎಳೆದರೆ ಚಕ್ರ ಮುರಿಯುತ್ತದೆ. ಹೆಗಲಿಗೇರುವ ಚೀಲ ಮೇಲು. ಕಲ್ಲುಗಳು ಸವೆದು ನುಣುಪಾಗಿವೆ, ಹನಿ ಬಿದ್ದರೆ ಜಾರುತ್ತವೆ. ಅಮ್ಮನಿಗೆ ಹಿಡಿತವಿರುವ ರಬ್ಬರ್ ಅಟ್ಟೆಯ ಶೂ ಬೇಕೇಬೇಕು, ಚಪ್ಪಲಿ ಬೇಡ.

ಅವರ ಜೊತೆ ನಡೆಯಲು ಪೂರ್ವಕ್ಕೆ ಮಂಡ್ರಾಕಿಯ ಕರಾವಳಿ ದಾರಿ ಅನುಕೂಲ, ಸುಮಾರು ಅರ್ಧ ಗಂಟೆ. ಸುಸ್ತಾದರೆ ಬಾಡಿಗೆ ದೋಣಿ ಕರೆಸಿ. ಅದರ ದರ ತಲೆಗಿಷ್ಟು ಎಂದಲ್ಲ, ದೋಣಿಗಿಷ್ಟು ಎಂದು. ಜೊತೆಗಾರರು ಸಿಕ್ಕರೆ ಹಂಚಿಕೊಳ್ಳಬಹುದು. ಸುಮಾರು 500 ಮೀಟರ್ ಎತ್ತರದ ಪ್ರವಾದಿ ಇಲಿಯಾಸ್ ಮಠದ ಚಾರಣ ಅವರಿಗೆ ಬೇಡ. ನೀವು ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ, ನೀರು ಒಯ್ಯಿರಿ, ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಲಿ.

ಪ್ರಶ್ನೆ: ಈಜು ಬಾರದವರು ಸಮುದ್ರಕ್ಕೆ ಇಳಿಯಬಹುದೇ? (ಹುಬ್ಬಳ್ಳಿ)

ಉತ್ತರ: ಬಂದರಿನ ಪಕ್ಕದ ಸ್ಪಿಲಿಯಾದಲ್ಲಿ ಬೇಡ, ಅಲ್ಲಿ ಬಂಡೆಯಿಂದ ನೇರ ಆಳಕ್ಕೆ ಇಳಿಯಬೇಕು. ಪಶ್ಚಿಮದ ಕಮೀನಿ ಅಥವಾ ವ್ಲಿಖೋಸ್‌ನ ಬೆಣಚುಕಲ್ಲಿನ ದಡಕ್ಕೆ ಹೋಗಿ. ಕಡಲಮುಳ್ಳು (ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿ) ಕಾಲಿಗೆ ಚುಚ್ಚದಂತೆ ನೀರಿನ ಶೂ ಹಾಕಿಕೊಳ್ಳಿ.

ಪ್ರಶ್ನೆ: ಶುದ್ಧ ಸಸ್ಯಾಹಾರ ಸಿಗುತ್ತದೆಯೇ? (ಉಡುಪಿ)

ಉತ್ತರ: ಧಾರಾಳ. ಹಳದಿ ಬೇಳೆ ಬೇಯಿಸಿ ಅರೆದ ಫಾವಾ, ಟೊಮೆಟೊದಲ್ಲಿ ಬೆಂದ ದಪ್ಪ ಅವರೆಯಂಥ ಕಾಳು ಗಿಗಾಂಡೆಸ್, ತರಕಾರಿಯ ಬ್ರಿಯಾಮ್, ಬೇಯಿಸಿದ ಸೊಪ್ಪು ಹೋರ್ತಾ. ಟೊಮೆಟೊ, ದಪ್ಪ ಮೆಣಸಿನಕಾಯಿಯೊಳಗೆ ಅನ್ನ ತುಂಬಿದ ಗೆಮಿಸ್ತಾದಲ್ಲಿ ಕೆಲವೆಡೆ ಕೊಚ್ಚಿದ ಮಾಂಸ ಇರುತ್ತದೆ, ಪಾಲಕ್ ಪೈಗೆ ಮೊಟ್ಟೆ ಹಾಕುವುದುಂಟು. ಆರ್ಡರ್ ಮಾಡುವ ಮೊದಲು ‘ಹೋರಿಸ್ ಕ್ರೇಆಸ್, ಹೋರಿಸ್ ಪ್ಸಾರಿ, ಹೋರಿಸ್ ಅವ್ಗಾ’ (ಮಾಂಸ, ಮೀನು, ಮೊಟ್ಟೆ ಇಲ್ಲದೆ) ಎಂದು ಹೇಳಿ. ಉಪವಾಸದ ಅಡುಗೆ, ‘ನಿಸ್ಟಿಸಿಮೋ’, ಎಂದು ಕೇಳಿದರೆ ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಅವರ ಉಪವಾಸಕ್ಕೆ ಸೀಗಡಿ, ಆಕ್ಟೋಪಸ್ ನಿಷಿದ್ಧವಲ್ಲ, ಅದನ್ನೂ ಬೇಡವೆಂದು ಬಿಡಿಸಿ ಹೇಳಬೇಕು.