ಶ್ರೀನಿವಾಸಪುರದ ತಾಯಿಗೆ: ಪೆಟ್ ಸ್ಕ್ಯಾನ್ ಅಂದರೆ ಕ್ಯಾನ್ಸರ್ ಅಂತಲ್ಲ

ನಿಮ್ಮ ಪತ್ರ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ ಅಮ್ಮ. ಇಪ್ಪತ್ತನಾಲ್ಕು ವರ್ಷದ ಮಗಳು. ತಲೆ ಬಾಚಿಕೊಳ್ಳುವಷ್ಟರಲ್ಲಿ ಎಡಗೈ ಸೋತುಹೋಗುತ್ತದೆ, ಕೋಲಾರದ ಡಾಕ್ಟರಿಗೆ ಆ ಕೈಯಲ್ಲಿ ನಾಡಿಯೇ ಸಿಗಲಿಲ್ಲ, ಟಕಯಾಸು (ದೊಡ್ಡ ರಕ್ತನಾಳಗಳ ಗೋಡೆ ಊದುವ ಕಾಯಿಲೆ) ಇರಬಹುದು, ಬೆಂಗಳೂರಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸಿ ಎಂದು ಬರೆದುಕೊಟ್ಟರು. ಅಷ್ಟಕ್ಕೇ ನೆಂಟರ ಬಾಯಲ್ಲಿ ಅದು ಕ್ಯಾನ್ಸರ್ ಆಯಿತು, ಬಂದಿದ್ದ ಸಂಬಂಧವೂ ನಿಂತಿತು. ‘ಸಿಟಿ ಆಂಜಿಯೋಗ್ರಾಮ್ ಆಗಿದೆಯಲ್ಲ, ಮತ್ತೆ ಇದ್ಯಾಕೆ? ವಿಕಿರಣದಿಂದ ಮುಂದೆ ತೊಂದರೆ ಆಗಲ್ವಾ?’ ಎಂದು ಕೇಳಿದ್ದೀರಿ.

ಮೊದಲು ನೆಂಟರ ಮಾತು. ಪೆಟ್ ಸ್ಕ್ಯಾನ್ ಕ್ಯಾನ್ಸರಿಗೆ ಜಾಸ್ತಿ ಬಳಕೆಯಲ್ಲಿದೆ, ನಿಜ. ಆದರೆ ಅದು ಹುಡುಕುವುದು ಕ್ಯಾನ್ಸರನ್ನಲ್ಲ, ಸಕ್ಕರೆಯನ್ನು. ಗ್ಲೂಕೋಸಿನಂಥ ಒಂದು ವಸ್ತುವಿಗೆ ಫ್ಲೋರಿನ್-18 ಎಂಬ ವಿಕಿರಣ ಸೂಸುವ ಪರಮಾಣುವನ್ನು ಅಂಟಿಸಿ ಕೈಗೆ ಚುಚ್ಚುತ್ತಾರೆ. ಮೈಯಲ್ಲಿ ಎಲ್ಲಿ ಸಕ್ಕರೆ ಜಾಸ್ತಿ ಖರ್ಚಾಗುತ್ತಿದೆಯೋ ಅಲ್ಲಿ ಅದು ಸೇರಿಕೊಂಡು ಚಿತ್ರದಲ್ಲಿ ಹೊಳೆಯುತ್ತದೆ. ಗಡ್ಡೆ ಹೊಳೆಯುತ್ತದೆ, ಮಿದುಳು ಹೊಳೆಯುತ್ತದೆ, ಉರಿಯೂತ ಇರುವ ರಕ್ತನಾಳದ ಗೋಡೆಯೂ ಹೊಳೆಯುತ್ತದೆ. ಯಾಕಂದರೆ ಆ ಗೋಡೆಯೊಳಗೆ ನುಗ್ಗಿರುವ ಬಿಳಿ ರಕ್ತಕಣಗಳಿಗೆ ಸಕ್ಕರೆ ಬೇಕು.

ಇನ್ನು ಆಂಜಿಯೋಗ್ರಾಮ್, ಅಂದರೆ ರಕ್ತನಾಳಗಳ ಒಳದಾರಿ ತೋರಿಸುವ ಚಿತ್ರ. ತೋಟದ ಡ್ರಿಪ್ ಪೈಪು ಕಟ್ಟಿಕೊಂಡರೆ ನೀವು ಮೊದಲು ನೋಡುವುದು ಒಳಗೆ ಎಷ್ಟು ದಾರಿ ಉಳಿದಿದೆ ಅಂತ. ಆಂಜಿಯೋಗ್ರಾಮ್ ಮುಖ್ಯವಾಗಿ ಹೇಳುವುದೂ ಅದನ್ನೇ. ಆದರೆ ಪೈಪಿಗೆ ಜೀವ ಇಲ್ಲ, ರಕ್ತನಾಳಕ್ಕೆ ಇದೆ. ಟಕಯಾಸುವಿನಲ್ಲಿ ಮೈಯ ರಕ್ಷಣಾ ಪಡೆಯೇ ದೊಡ್ಡ ರಕ್ತನಾಳಗಳ ಗೋಡೆಯ ಮೇಲೆ ಬೀಳುತ್ತದೆ, ಗೋಡೆ ಊದುತ್ತದೆ, ಆಮೇಲೆ ಕಲೆಗಟ್ಟಿ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಈಗ ಕಾಣುವ ಕಿರಿದು ಇನ್ನೂ ಉರಿಯುತ್ತಿರುವ ಗಾಯವೋ, ಎಂದೋ ಮಾಗಿದ ಕಲೆಯೋ? ದಾರಿಯ ಅಗಲ ನೋಡಿದರೆ ಇದು ತಿಳಿಯುವುದಿಲ್ಲ. ಮೈಯಲ್ಲಿ ಉರಿಯೂತ ಇದೆಯೇ ಎಂದು ನೋಡುವ ರಕ್ತ ಪರೀಕ್ಷೆಗಳಾದ ಇಎಸ್ಆರ್, ಸಿಆರ್‌ಪಿ ಸರಿಯಾಗಿದ್ದಾಗಲೂ ಕೆಲವರಲ್ಲಿ ಒಳಗೆ ಉರಿ ಇರುತ್ತದೆ. ಉರಿಯುತ್ತಿದ್ದರೆ ಸ್ಟೀರಾಯ್ಡ್‌ನಂಥ ಔಷಧಿ ಬೇಕು. ತಣ್ಣಗಾಗಿದ್ದರೆ ಕಿರಿದಾದ ದಾರಿ ಹಿಗ್ಗಿಸುವ ಬಲೂನೋ, ಪಕ್ಕದಿಂದ ಹೊಸ ದಾರಿ ಮಾಡುವ ಬೈಪಾಸೋ ಯೋಚಿಸಬಹುದು, ಉರಿ ಆರಿದ ಮೇಲೆ ಮಾಡಿದರೇ ಅವು ಚೆನ್ನಾಗಿ ನಿಲ್ಲುವುದು. ನಿಮ್ಮ ಡಾಕ್ಟರಿಗೆ ಈ ಸ್ಕ್ಯಾನ್ ಬೇಕಾಗಿರುವುದು ಇದಕ್ಕೇ.

ಒಂದು ಎಚ್ಚರಿಕೆ ಹೇಳಲೇಬೇಕು. ಹೊಳೆಯುವುದೆಲ್ಲ ಕೇಡಲ್ಲ. ಗಾಯ ಮಾಯುವಾಗಲೂ ಜೀವಕೋಶಗಳು ಸಕ್ಕರೆ ತಿನ್ನುತ್ತವೆ, ಬೈಪಾಸ್ ಆದ ಜಾಗ ಎಷ್ಟೋ ತಿಂಗಳು ಹೊಳೆಯುತ್ತಲೇ ಇರಬಹುದು. ಸ್ಟೀರಾಯ್ಡ್ ಶುರುವಾದ ಕೆಲವೇ ದಿನಗಳಲ್ಲಿ ಹೊಳಪು ಕುಗ್ಗುವುದರಿಂದ, ಆದಷ್ಟೂ ಅದಕ್ಕೆ ಮೊದಲೇ ಸ್ಕ್ಯಾನ್ ಆಗಲಿ ಎಂದು ಡಾಕ್ಟರುಗಳು ಬಯಸುತ್ತಾರೆ. ಹಾಗಂತ ಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಮುಂದೂಡಲೂ ಬೇಡಿ.

ಫ್ಲೋರಿನ್ ಅಂದ ಕೂಡಲೇ ನಿಮಗೆ ನಮ್ಮ ಬೋರ್‌ವೆಲ್ ನೀರು ನೆನಪಾಗಿರುತ್ತದೆ, ಹಲ್ಲು ಕಂದಾದವರನ್ನು ನೋಡಿಯೇ ಬೆಳೆದವರಲ್ವಾ ನಾವು. ನೀರಿನ ಫ್ಲೋರೈಡ್ ಹಲ್ಲು, ಮೂಳೆಗೆ ಹೋಗಿ ಕೂರುತ್ತದೆ. ಅದೇ ಗುಣವನ್ನು ಬಳಸಿ, ಫ್ಲೋರಿನ್-18 ಇರುವ ಸೋಡಿಯಂ ಫ್ಲೋರೈಡ್ ಚುಚ್ಚಿ, ರಕ್ತನಾಳದ ಗೋಡೆಯಲ್ಲಿ ಸಿಟಿ ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಸುಣ್ಣದ ಕಣಗಳನ್ನು ಹುಡುಕುವ ಸಂಶೋಧನೆ ನಡೆದಿದೆ. ನಿಮ್ಮ ಮಗಳಿಗೆ ಅದಲ್ಲ, ಸಕ್ಕರೆಯ ಸ್ಕ್ಯಾನ್. ಅದರಲ್ಲಿರುವ ಫ್ಲೋರಿನ್ ಎಷ್ಟು ಕಡಿಮೆ ಅಂದರೆ ನೀರಿನ ಫ್ಲೋರೈಡ್ ಜೊತೆ ಹೋಲಿಸುವ ಹಾಗೇ ಇಲ್ಲ.

ವಿಕಿರಣ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧಕ್ಕರ್ಧ ಇಳಿಯುತ್ತದೆ. ಬೆಳಿಗ್ಗೆ 10ಕ್ಕೆ ಚುಚ್ಚಿದರೆ ರಾತ್ರಿ 9ಕ್ಕೆ ಉಳಿಯುವುದು 64ರಲ್ಲಿ ಒಂದು ಪಾಲು, ಮೂತ್ರದಲ್ಲಿ ಹೋಗುವುದು ಬೇರೆ. ಆ ದಿನ ಚೆನ್ನಾಗಿ ನೀರು ಕುಡಿಯಲಿ. ಮನೆಯಲ್ಲಿ ಎಳೆ ಮಗು, ಬಸುರಿ ಇದ್ದರೆ ಕೆಲವು ಗಂಟೆ ಹತ್ತಿರ ಕೂರುವುದು ಬೇಡ. ಅವಳಿಗೇ ಮುಟ್ಟು ತಪ್ಪಿದ್ದರೆ ಸ್ಕ್ಯಾನಿಗೆ ಮೊದಲೇ ಹೇಳಬೇಕು, ನಾಚಿಕೆ ಪಡುವ ವಿಷಯ ಅಲ್ಲ. ಅದೇ ಸ್ಕ್ಯಾನ್ ಪದೇ ಪದೇ ಬೇಡ, ನಿಜ. ಅಗತ್ಯ ಇದ್ದಾಗ ಒಂದು ಸಲಕ್ಕೆ ಹೆದರಿ ಕೂರುವುದೂ ಬೇಡ.

ಹಿಂದಿನ ದಿನ ಟೊಮೆಟೊ ಕೀಳಲು, ಹೊರೆ ಹೊರಲು ಕಳಿಸಬೇಡಿ. ದುಡಿದ ಮಾಂಸಖಂಡ ಸಕ್ಕರೆ ಎಳೆದುಕೊಂಡು ಚಿತ್ರ ಕೆಡುತ್ತದೆ. ಸ್ಕ್ಯಾನಿಗೆ ಮೊದಲು ಸುಮಾರು ಆರು ಗಂಟೆ ಬರೀ ನೀರು, ದಾರಿಯಲ್ಲಿ ಕಾಫಿ ಕೂಡ ಬೇಡ. ಚುಚ್ಚಿದ ಮೇಲೆ ಒಂದು ಗಂಟೆ ಸುಮ್ಮನೆ ಮಲಗಿಸುತ್ತಾರೆ.

ನೆಂಟರು ಕೇಳಿದರೆ ಇದನ್ನೂ ಹೇಳಿ. ಟಕಯಾಸು ಅನ್ನುವುದು ಜಪಾನಿನ ಒಬ್ಬ ಕಣ್ಣಿನ ಡಾಕ್ಟರ ಹೆಸರು. 1908ರಲ್ಲಿ ಒಬ್ಬ ಯುವತಿಯ ಕಣ್ಣಿನೊಳಗಿನ ರಕ್ತನಾಳಗಳು ವಿಚಿತ್ರವಾಗಿರುವುದನ್ನು ಅವರು ವರದಿ ಮಾಡಿದ್ದರು. ಏಷ್ಯಾದ ಹೆಣ್ಣುಮಕ್ಕಳಲ್ಲೇ ಇದು ಜಾಸ್ತಿ. ಅಂಟುಜಾಡ್ಯವಲ್ಲ, ಕ್ಯಾನ್ಸರ್ ಅಲ್ಲ, ಅವಳು ಮಾಡಿದ ಯಾವ ತಪ್ಪಿನಿಂದಲೂ ಬಂದದ್ದಲ್ಲ.

ಕೊನೆಗೆ ಒಂದು ಕೆಲಸ, ಇವತ್ತೇ ಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಎರಡೂ ಕೈಯ ಬಿಪಿ ನೋಡಿಸಿ, ಯಾವ ಕೈಗೆ ಎಷ್ಟು ಅಂತ ಚೀಟಿಯಲ್ಲಿ ಬರೆಸಿ ಬೆಂಗಳೂರಿಗೆ ಒಯ್ಯಿರಿ. ನಾಡಿ ಸಿಗದ ಎಡಗೈಯಲ್ಲಿ ಬಿಪಿ ಕಡಿಮೆ ತೋರಿಸುತ್ತದೆ. ಅದನ್ನೇ ನಂಬಿದರೆ ಒಳಗಿರುವ ಹೈ ಬಿಪಿ ಯಾರ ಕಣ್ಣಿಗೂ ಬೀಳುವುದಿಲ್ಲ.