ಬಜ್ಪೆಯಲ್ಲಿ ಇಳಿದವರಿಗೆ ಯಾವ ಟ್ಯಾಕ್ಸಿ?

ಪ್ರಶ್ನೆ: ನನ್ನ ಮಗಳು ಮುಂದಿನ ತಿಂಗಳು ಎಳೆಮಗುವಿನೊಂದಿಗೆ ದುಬಾಯಿಯಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ರಾತ್ರಿ ಬಂದಿಳಿಯುವವಳಿದ್ದಾಳೆ. ಕಳೆದ ಸಲ ಹೊರಬಾಗಿಲಲ್ಲಿ ಒಬ್ಬಾತ ಕಡಿಮೆ ಬಾಡಿಗೆ ಹೇಳಿ ಕರೆದೊಯ್ದು, ಕರ್ನಾಟಕ-ಕೇರಳ ಗಡಿಯ ತಲಪಾಡಿ ಹತ್ತಿರ ಬಂದಾಗ ಟೋಲ್, ಗಡಿ ತೆರಿಗೆ ಎಂದು ಮೊತ್ತ ಏರಿಸಿದನು. ಸರಿಯಾದ ಟ್ಯಾಕ್ಸಿಯನ್ನು ಗುರುತಿಸುವುದು ಹೇಗೆ? ಊರಿನಿಂದಲೇ ಕಾರು ಕಳುಹಿಸುವುದು ಒಳ್ಳೆಯದೇ?
– ಓದುಗರೊಬ್ಬರು, ಬದಿಯಡ್ಕ (ಕಾಸರಗೋಡು ಜಿಲ್ಲೆ)

ಉತ್ತರ: ಕಾರಿನ ಬಾಗಿಲು ತೆರೆಯುವ ಮೊದಲು ನಂಬರ್ ಪ್ಲೇಟಿನ ಬಣ್ಣವನ್ನು ನೋಡುವಂತೆ ಮಗಳಿಗೆ ಹೇಳಿರಿ. ಬಾಡಿಗೆ ಕಾರಿಗೆ ಹಳದಿ ಫಲಕದ ಮೇಲೆ ಕಪ್ಪು ಅಕ್ಷರಗಳಿರುತ್ತವೆ. ವಿದ್ಯುತ್ ಕಾರಾದರೆ ಹಸಿರು ಫಲಕದ ಮೇಲೆ ಹಳದಿ ಅಕ್ಷರಗಳು. ನಮ್ಮ ಕಡೆ ಕಳ್ಳ ಟ್ಯಾಕ್ಸಿ ಎಂದು ಕರೆಯುವ ಬಿಳಿ ಫಲಕದ ಖಾಸಗಿ ಕಾರು ಹಣ ಪಡೆದು ಪ್ರಯಾಣಿಕರನ್ನು ಒಯ್ಯುವುದು 1988ರ ಮೋಟಾರು ವಾಹನ ಕಾಯಿದೆಗೆ ವಿರುದ್ಧ. (ನೆಂಟರು ಹಣ ಪಡೆಯದೆ ತಮ್ಮ ಕಾರಿನಲ್ಲಿ ಕರೆತಂದರೆ ಅಡ್ಡಿಯಿಲ್ಲ.) ಇದು ಸರ್ಕಾರಕ್ಕೆ ತಪ್ಪುವ ತೆರಿಗೆಯ ಮಾತು ಮಾತ್ರವಲ್ಲ: ಖಾಸಗಿ ಬಳಕೆಗೆಂದು ವಿಮೆ ಮಾಡಿಸಿದ ಕಾರು ಬಾಡಿಗೆ ಓಡುತ್ತಿದ್ದಾಗ ಅಪಘಾತವಾದರೆ, ಪರಿಹಾರ ನಿರಾಕರಿಸಲು ವಿಮಾ ಕಂಪೆನಿಗೆ ಅದೇ ಕಾರಣವಾಗಬಹುದು. ಅನುಮಾನವಿದ್ದರೆ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ಸಂಖ್ಯೆಯನ್ನು ಹಾಕಿ ಅದರ ವರ್ಗ, ವಿಮೆ ಮತ್ತು ಫಿಟ್‌ನೆಸ್ ಅವಧಿಯನ್ನು ನೋಡಬಹುದು.

ಹೊರಬಾಗಿಲಲ್ಲಿ ಟ್ರಾಲಿಯ ಹಿಡಿಗೆ ಕೈಹಾಕಿ "ಕಾಸರಗೋಡಾ?" ಎಂದು ಕೇಳುವವನಿಗೆ ಉತ್ತರ ಕೊಡದೆ ಮುಂದೆ ನಡೆಯುವುದೇ ಲೇಸು. ಪ್ರೀಪೇಯ್ಡ್ ಕೌಂಟರಿನಲ್ಲಿ ಹಣ ಕಟ್ಟಿ, ಚೀಟಿಯಲ್ಲಿರುವ ಸಂಖ್ಯೆಯ ಕಾರನ್ನೇ ಹತ್ತಬೇಕು. ಆ್ಯಪ್ ಮೂಲಕ ಕರೆಸುವುದಾದರೆ ಸಂಖ್ಯೆ ಹೊಂದಿಕೆಯಾದ ಮೇಲೆಯೇ ಒಟಿಪಿ ಹೇಳಬೇಕು.

ಬಾಡಿಗೆಯ ವಿಷಯದಲ್ಲಿ ಚಾಲಕರ ಕಷ್ಟವನ್ನೂ ಗಮನಿಸಬೇಕು. ಬಜ್ಪೆಯಿಂದ ಕಾಸರಗೋಡಿಗೆ 60 ಕಿ.ಮೀ.ಗಿಂತ ಹೆಚ್ಚು ದೂರವಿದ್ದು, ಕಾರು ಖಾಲಿಯಾಗಿ ಮರಳುವುದರಿಂದ ರಿಟರ್ನ್ ಸೇರಿಸಿ ಕೇಳುವುದು ಅನ್ಯಾಯವೇನಲ್ಲ. ಆದರೆ ಟೋಲ್, ರಾಜ್ಯ ದಾಟುವ ತೆರಿಗೆ, ರಾತ್ರಿಯ ಹೆಚ್ಚುವರಿ ಎಲ್ಲವೂ ಸೇರಿ ಬದಿಯಡ್ಕದ ಮನೆಬಾಗಿಲವರೆಗೆ ಒಟ್ಟು ಎಷ್ಟು ಎಂಬುದನ್ನು ಹೊರಡುವ ಮೊದಲೇ ಕೇಳಿ, ಆ ಮೊತ್ತವನ್ನು ಚಾಲಕನಿಂದಲೇ ನಿಮ್ಮ ಮೊಬೈಲಿಗೆ ಸಂದೇಶವಾಗಿ ಕಳುಹಿಸಿಕೊಂಡರೆ ತಲಪಾಡಿಯಲ್ಲಿ ಚರ್ಚೆಗೆ ಎಡೆಯಿರುವುದಿಲ್ಲ.

ಎಳೆಮಗು ಜೊತೆಗಿರುವಾಗ, ನಿಮಗೆ ಪರಿಚಯವಿರುವ ಹಳದಿ ಬೋರ್ಡಿನ ಕೆಎಲ್-14 (ಕಾಸರಗೋಡು ನೋಂದಣಿಯ) ಕಾರನ್ನು ಊರಿನಿಂದಲೇ ಕಳುಹಿಸುವುದನ್ನು ನಾನು ಹೆಚ್ಚು ಮೆಚ್ಚುತ್ತೇನೆ. ಎರಡೂ ಕಡೆಯ ಬಾಡಿಗೆ ಬಿದ್ದರೂ ಅಡ್ಡಿಯಿಲ್ಲ. ಕಾರಿನ ಸಂಖ್ಯೆ ಮತ್ತು ಚಾಲಕರ ಹೆಸರನ್ನು ಮಗಳಿಗೆ ಮೊದಲೇ ಕಳುಹಿಸಿರಿ. ಎದುರಾದವರಿಗೆ ಆಕೆ ತನ್ನ ಹೆಸರನ್ನು ತಾನಾಗಿ ಹೇಳಬಾರದು. ಯಾರನ್ನು ಕರೆದೊಯ್ಯಲು ಬಂದಿರಿ ಎಂದು ಕೇಳಿ, ಹೆಸರು ಅವರ ಬಾಯಿಂದಲೇ ಬರಲಿ.