ಎಲ್ಲದಕ್ಕೂ ‘ನೆಗ್ಲೆಕ್ಟ್’ ಅನ್ಬೇಡಿ

ಪ್ರಶ್ನೆ: ಮೇಡಂ, ನನ್ನ ಮೇಲ್‌ಗೆ ಮ್ಯಾನೇಜರ್ ಎರಡು ವಾರ ಆದ್ರೂ ರಿಪ್ಲೈ ಮಾಡ್ಲಿಲ್ಲ. ‘ಯೂ ನೆಗ್ಲೆಕ್ಟೆಡ್ ಮೈ ಮೇಲ್’ ಅಂತ ಬರೆದೆ, ಸಿಟ್ಟಾಗ್ಬಿಟ್ರು. ‘ಇಗ್ನೋರ್ಡ್’ ಅಂತ ಬರೀಬೇಕಿತ್ತಾ?

ಅಯ್ಯೋ ಬೇಡಪ್ಪ, ಅದು ಇನ್ನೂ ಕೆಟ್ಟದ್ದು. ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತೆ, ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸ್ತೀವಿ ಅನ್ನೋರು ಹತ್ತು ವರ್ಬ್ ಸಾಲಾಗಿ ಬರೆದು ಎಲ್ಲದರ ಮುಂದೂ ‘ಕಡೆಗಣಿಸು’ ಅಂತ ಹಾಕಿ ದುಡ್ಡು ಇಸ್ಕೊಳ್ತಾರೆ, ನನಗೆ ಸಿಟ್ಟು ಬರೋದು ಅಲ್ಲೇ. ಕನ್ನಡದಲ್ಲಿ ಮರೆತಿದ್ದು ಬೇರೆ, ತಾತ್ಸಾರ ಬೇರೆ, ಸೊಪ್ಪು ಹಾಕದೇ ಇರೋದು ಬೇರೆ ಅಂತ ನಮಗೆ ಗೊತ್ತಿಲ್ವಾ?

ನೆಗ್ಲೆಕ್ಟ್ ಅಂದ್ರೆ ನೋಡ್ಕೋಬೇಕಾದವರು ನೋಡ್ಕೊಳ್ಳಲಿಲ್ಲ ಅಂತ: ಮಗು, ಹಲ್ಲು, ತೋಟ, ಡ್ಯೂಟಿ. ಅಂದ್ರೆ ನೀವು ಮ್ಯಾನೇಜರ್‌ಗೆ ಕರ್ತವ್ಯಲೋಪದ ಆರೋಪ ಹೊರಿಸಿದ್ರಿ. ಇಗ್ನೋರ್ ಅಂದ್ರೆ ಕಣ್ಣಿಗೆ ಬಿದ್ರೂ ಬೇಕಂತಲೇ ಬಿಟ್ರು ಅಂತ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ‘ಗೊತ್ತಿಲ್ಲದಿರು’ ಅನ್ನೋ ಅರ್ಥ ಇತ್ತು, ಈಗ ಗೊತ್ತಿದ್ದೂ ಸುಮ್ಮನಿರೋದಕ್ಕೆ ಬಂದು ನಿಂತಿದೆ. ನಿಮಗೆ ಬೇಕಿದ್ದಿದ್ದು ಓವರ್‌ಲುಕ್, ಕಣ್ತಪ್ಪಿ ಹೋಗೋದು. ‘ಮೈ ಮೇಲ್ ಮೇ ಹ್ಯಾವ್ ಬೀನ್ ಓವರ್‌ಲುಕ್ಡ್’ ಅಂತ ಬರೀರಿ, ಯಾರ ಮೇಲೂ ತಪ್ಪು ಹೊರಿಸಿದಂಗೆ ಆಗಲ್ಲ.

ಇವೆಲ್ಲ ಸುಮ್ಮನಿದ್ದೇ ಆಗೋವು, ಡೌನ್‌ಪ್ಲೇ ಮಾಡೋಕೆ, ಅಂದ್ರೆ ದೊಡ್ಡದನ್ನ ಸಣ್ಣದು ಅಂತ ತೋರಿಸೋಕೆ, ಬಾಯಿ ಬಿಡ್ಬೇಕು. ಪ್ರಾಜೆಕ್ಟ್ ಮುಳುಗ್ತಿದ್ರೂ ‘ಸಣ್ಣ ಡಿಲೇ ಅಷ್ಟೇ’ ಅಂತಾರಲ್ಲ, ಅದು. ಬಿಲಿಟಲ್ ಅಂದ್ರೆ ಮನುಷ್ಯನನ್ನೋ ಅವನ ಕೆಲಸವನ್ನೋ ಹೀಗಳೆಯೋದು. ಈ ಪದ ಹುಟ್ಟಿಸಿದ ಕ್ರೆಡಿಟ್ ಸಿಗೋದು ಮುಂದೆ ಅಮೆರಿಕದ ಅಧ್ಯಕ್ಷರಾದ ಥಾಮಸ್ ಜೆಫರ್ಸನ್‌ಗೆ. ಅಮೆರಿಕದ ಪ್ರಾಣಿಗಳೆಲ್ಲ ಯುರೋಪಿನವಕ್ಕಿಂತ ಕುಳ್ಳು ಅಂತ ಫ್ರಾನ್ಸಿನ ವಿಜ್ಞಾನಿ ಬಫೊನ್ ಬರೆದಿದ್ರು, ಅದಕ್ಕೆ ಉತ್ತರ ಕೊಡ್ತಾ 1780ರ ದಶಕದಲ್ಲಿ ಜೆಫರ್ಸನ್ ಈ ಪದ ಬಳಸಿದ್ರು, 1787ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದೆಂಥಾ ಪದ ಅಂತ ಆಡ್ಕೊಂಡಿತು, ಅದೇ ವರ್ಷ ಜೆಫರ್ಸನ್ ಮೂಸ್ ಅನ್ನೋ ಭಾರೀ ಜಿಂಕೆಯ ಚರ್ಮ, ಮೂಳೆ ಎಲ್ಲ ಹಡಗಲ್ಲಿ ಪ್ಯಾರಿಸ್‌ಗೆ ತರಿಸಿ ಬಫೊನ್‌ಗೆ ಕಳಿಸಿದ್ರು. ಆಗ ಬಿಲಿಟಲ್ ಅಂದ್ರೆ ನಿಜವಾಗ್ಲೂ ಗಾತ್ರ ಕುಗ್ಗಿಸೋದು, ಅವಮಾನದ ಅರ್ಥ ಅಂಟಿದ್ದು ಆಮೇಲೆ. ಆಫೀಸ್ ಮೇಲಲ್ಲಿ ಈ ಪದ ಬರೆಯೋ ಮುಂಚೆ ನಾನಾದ್ರೆ ಒಂದು ರಾತ್ರಿ ತಡೀತೀನಿ, ಎಚ್‌ಆರ್‌ವರೆಗೂ ಹೋಗೋ ಪದ ಅದು.

ಪ್ರಶ್ನೆ: ‘ಡೋಂಟ್ ಅಂಡರ್‌ಮೈನ್ ಮೀ’ ಅಂದ್ರೆ ನನ್ನನ್ನ ಕಡಿಮೆ ಅಂದ್ಕೋಬೇಡ ಅಂತ ತಾನೇ?

ಅಲ್ಲ. ಅದು ಅಂಡರ್‌ಎಸ್ಟಿಮೇಟ್, ಬರೀ ಲೆಕ್ಕ ತಪ್ಪೋದು. ಅಂಡರ್‌ಮೈನ್ ಅಂದ್ರೆ ಗೋಡೆ ಬುಡ ತೋಡೋದು, ಒಬ್ಬರ ಅಧಿಕಾರಾನೋ ವಿಶ್ವಾಸಾನೋ ಒಳಗೊಳಗೇ ಸಡಿಲ ಮಾಡೋದು.

ಪ್ರಶ್ನೆ: ‘ಟೇಕ್ ಇಟ್ ಲೈಟ್’ ಸರೀನಾ?

ನಮ್ಮ ‘ಲೈಟಾಗಿ ತಗೋ’ ಅದು. ‘ಟೇಕ್ ಇಟ್ ಈಸಿ’ ಅನ್ನಿ.

ಪ್ರಶ್ನೆ: ಇಂಟರ್‌ವ್ಯೂನಲ್ಲಿ ‘ಫ್ಲಾಕ್ಸಿನಾಸಿನೈಹಿಲಿಪಿಲಿಫಿಕೇಶನ್’ ಅಂದ್ರೆ ಇಂಪ್ರೆಸ್ ಆಗ್ತಾರಾ?

ಆಗಲ್ಲ. ಯಾವುದನ್ನೋ ಬೆಲೆ ಇಲ್ಲದ್ದು ಅಂತ ಎಣಿಸೋದಕ್ಕೆ ಇರೋ ಪದ ಅದು. ಇಂಗ್ಲಿಷ್‌ನ 29 ಅಕ್ಷರ ಬಾಯಿಪಾಠ ಮಾಡೋ ಹೊತ್ತಲ್ಲಿ ಓವರ್‌ಲುಕ್ ಹಾಕಿ ನಾಲ್ಕು ವಾಕ್ಯ ಬರೀರಿ.